ಧ್ವನಿಯ ದಾರಿ

ಪ್ರವೇಶ: ಹಾಡು ಕೇಳುವುದು ಎಲ್ಲರಿಗೂ ಇಷ್ಟ. ಹಿಂದೆ ಹಾಡು ಕೇಳಬೇಕಾದರೆ ಹಾಡುವವರ ಎದುರಿಗೆ ಹೋಗಿ ಕೂಡಬೇಕಾಗಿತ್ತು. ಇಂದು ಅಂಗೈಯಗಲದ ಪೆಟ್ಟಿಗೆಯೊಂದು ನೂರಾರು ಗಾಯಕರನ್ನು ಮನೆಗೆ ಕರೆತರುತ್ತದೆ. ಈ ಪೆಟ್ಟಿಗೆ ಹೇಗೆ ಹಾಡುತ್ತದೆ, ಅದನ್ನು ಹೇಗೆ ಜೋಡಿಸಬೇಕು, ಅದು ಮೌನವಾದಾಗ ದೋಷವನ್ನು ಹುಡುಕುವ ಕ್ರಮ ಯಾವುದು ಎಂಬುದನ್ನು ಪ್ರಸ್ತುತ ಪಾಠದಲ್ಲಿ ವಿವರಿಸಲಾಗಿದೆ.

ಸಾಂಗಲಿ ಮತ್ತು ಮಿರಜ ಒಂದಕ್ಕೊಂದು ಅಂಟಿಕೊಂಡ ಅವಳಿ ನಗರಗಳು. ಸಾಂಗಲಿಯು ಅರಿಷಿಣದ ಪೇಟೆಗೆ ಹೆಸರಾಗಿದೆ. ಮಿರಜವು ಎರಡು ಸಂಗತಿಗಳಿಗೆ ಹೆಸರಾಗಿದೆ. ಒಂದು, ಅಲ್ಲಿಯ ದವಾಖಾನೆಗಳು. ಇನ್ನೊಂದು, ಅಲ್ಲಿ ತಯಾರಾಗುವ ತಂಬೂರಿ ಹಾಗೂ ಸಿತಾರ. ಖ್ವಾಜಾ ಮೀರಾಸಾಹೇಬರ ದರ್ಗಾದ ಸಮೀಪದ ಗಲ್ಲಿಗಳಲ್ಲಿ ನಡೆದರೆ ಸೋರೆಬುರುಡೆಗಳ ಸಾಲು, ಕಟ್ಟಿಗೆ ಕೆತ್ತುವ ಸಪ್ಪಳ, ತಂತಿ ಮಿಡಿಯುವ ನಾದ ಒಟ್ಟಿಗೆ ಎದುರಾಗುತ್ತವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನದವರು ಇಲ್ಲಿ ವಾದ್ಯ ತಯಾರಿಕೆಗೆ ತೊಡಗಿದರು. ಅವರಲ್ಲಿ ಫರೀದಸಾಹೇಬರ ಹೆಸರು ಮೊದಲು ಬರುತ್ತದೆ. ಕತ್ತಿಯ ಕೆಲಸ ಕಡಿಮೆಯಾದಾಗ ಅದೇ ಕೈಗಳು ನಾದದ ಕೆಲಸವನ್ನು ಕಲಿತವು. 2024ರಲ್ಲಿ ಮಿರಜದ ಸಿತಾರ ಮತ್ತು ತಂಬೂರಿಗೆ ಭೌಗೋಳಿಕ ಗುರುತು ದೊರೆಯಿತು.

ಕಿರಾನಾ ಘರಾಣೆಯ ಮಹಾಗಾಯಕ ಉಸ್ತಾದ್ ಅಬ್ದುಲ್ ಕರೀಂ ಖಾನರು ಇದೇ ಮಿರಜದಲ್ಲಿ ನೆಲೆಸಿದ್ದರು. ಕುಂದಗೋಳದ ಸವಾಯಿ ಗಂಧರ್ವರು ಅವರ ಶಿಷ್ಯರು. ಸವಾಯಿ ಗಂಧರ್ವರಿಂದ ಗಂಗೂಬಾಯಿ ಹಾನಗಲ್ಲ, ಭೀಮಸೇನ ಜೋಶಿಯವರಿಗೆ ಆ ವಿದ್ಯೆ ಹರಿದು ಬಂತು. ಖಾನಸಾಹೇಬರು 1937ರಲ್ಲಿ ತೀರಿಕೊಂಡರು. ಮಿರಜದ ದರ್ಗಾದ ಆವರಣದಲ್ಲಿ ಅವರ ಸಮಾಧಿ ಇದೆ. ಉರುಸಿನ ಸಮಯದಲ್ಲಿ ಪ್ರತಿವರ್ಷ ಅಲ್ಲಿ ಸಂಗೀತಗಾರರು ಹಾಡಿ ಅವರಿಗೆ ಗೌರವ ಸಲ್ಲಿಸುತ್ತಾರೆ.

ಆದರೆ ಒಂದು ಸಂಗತಿಯನ್ನು ಗಮನಿಸಿರಿ. ಖಾನಸಾಹೇಬರು ಹೋಗಿ ಎಂಬತ್ತಕ್ಕೂ ಹೆಚ್ಚು ವರ್ಷಗಳಾದರೂ ಅವರ ಕಂಠವನ್ನು ನಾವು ಇಂದಿಗೂ ಕೇಳಬಲ್ಲೆವು. ಅವರಿಗಿಂತ ನೂರು ವರ್ಷ ಮೊದಲು ಹಾಡಿದವರ ಕಂಠವನ್ನು ಕೇಳಲಾರೆವು. ಅವರೂ ದೊಡ್ಡ ಗಾಯಕರೇ ಆಗಿದ್ದರು. ಆದರೆ ಅವರ ಕಾಲದಲ್ಲಿ ಧ್ವನಿಯನ್ನು ಹಿಡಿದಿಡುವ ಸಾಧನ ಇರಲಿಲ್ಲ. ಉಳಿಸಿಟ್ಟ ಧ್ವನಿ ಮಾತ್ರ ಉಳಿಯುತ್ತದೆ. ಆದ್ದರಿಂದ ಧ್ವನಿಯನ್ನು ಉಳಿಸುವ ಮತ್ತು ಕೇಳಿಸುವ ಯಂತ್ರವನ್ನು ಅರಿತುಕೊಳ್ಳುವುದು ಬರಿಯ ಮನರಂಜನೆಯ ಮಾತಲ್ಲ.

ತಟ್ಟೆಯಿಂದ ಅಂಕೆಯವರೆಗೆ

ಭಾರತದಲ್ಲಿ ವ್ಯಾಪಾರಕ್ಕಾಗಿ ಧ್ವನಿಮುದ್ರಣ ಆರಂಭವಾದದ್ದು 1902ರಲ್ಲಿ, ಕಲಕತ್ತೆಯಲ್ಲಿ. ಗೌಹರ್ ಜಾನ್ ಅವರ ಹಾಡುಗಳು ಆಗ ಮುದ್ರಣವಾದವು. ಅರಗಿನಿಂದ ಮಾಡಿದ ಆ ಕಪ್ಪು ತಟ್ಟೆಗಳ ಒಂದು ಬದಿಯಲ್ಲಿ ಸುಮಾರು ಮೂರು ನಿಮಿಷದ ಹಾಡು ಮಾತ್ರ ಹಿಡಿಸುತ್ತಿತ್ತು. ಗಂಟೆಗಟ್ಟಲೆ ರಾಗ ವಿಸ್ತರಿಸುವ ಗಾಯಕರು ಮೂರು ನಿಮಿಷದಲ್ಲಿ ಮುಗಿಸುವುದನ್ನು ಕಲಿಯಬೇಕಾಯಿತು. ಮುಂದೆ 1963ರಲ್ಲಿ ಕ್ಯಾಸೆಟ್ ಬಂದಿತು. 1982ರಲ್ಲಿ ಸಿ.ಡಿ. ಮಾರುಕಟ್ಟೆಗೆ ಬಂದಿತು. 1990ರ ದಶಕದಲ್ಲಿ ಎಂಪಿ3 ಬಂದಿತು. ತಟ್ಟೆ ಮತ್ತು ಕ್ಯಾಸೆಟ್ಟುಗಳು ಧ್ವನಿಯನ್ನು ಗೆರೆಯಾಗಿ ಇಲ್ಲವೆ ಕಾಂತದ ಗುರುತಾಗಿ ಇಟ್ಟುಕೊಳ್ಳುತ್ತಿದ್ದವು. ಸಿ.ಡಿ. ಮತ್ತು ಎಂಪಿ3ಗಳು ಧ್ವನಿಯನ್ನು ಅಂಕೆಗಳಾಗಿ ಇಟ್ಟುಕೊಳ್ಳುತ್ತವೆ. ಇದನ್ನೇ ಡಿಜಿಟಲ್ ಎನ್ನುತ್ತೇವೆ.

ಧ್ವನಿಯನ್ನು ಅಂಕೆಯಾಗಿಸುವುದೆಂದರೇನು? ದವಾಖಾನೆಯಲ್ಲಿ ಜ್ವರದ ರೋಗಿಯ ಹಾಸಿಗೆಯ ಬಳಿ ಒಂದು ತಖ್ತೆ ಇರುವುದನ್ನು ನೀವು ಕಂಡಿರಬಹುದು. ದಾದಿಯು ಆಗಾಗ ಜ್ವರ ನೋಡಿ ಅಂಕೆಯನ್ನು ಬರೆಯುತ್ತಾಳೆ. ಆ ಬಿಂದುಗಳನ್ನು ಕೂಡಿಸಿದರೆ ಜ್ವರ ಏರಿಳಿದ ಗೆರೆ ಕಾಣುತ್ತದೆ. ದಿನಕ್ಕೆ ಒಮ್ಮೆ ಮಾತ್ರ ಬರೆದರೆ ನಡುವಿನ ಏರಿಳಿತ ತಪ್ಪಿಹೋಗುತ್ತದೆ. ಮೇಲಿಂದ ಮೇಲೆ ಬರೆದರೆ ಗೆರೆಯು ನಿಜಕ್ಕೆ ಹತ್ತಿರವಾಗುತ್ತದೆ. ಧ್ವನಿಯೂ ಗಾಳಿಯ ಒತ್ತಡದ ಏರಿಳಿತವೇ ಆಗಿದೆ. ಸಿ.ಡಿ.ಯಲ್ಲಿ ಈ ಏರಿಳಿತವನ್ನು ಸೆಕೆಂಡಿಗೆ 44,100 ಸಲ ಅಳೆದು ಬರೆಯುತ್ತಾರೆ. ಪ್ರತಿಯೊಂದು ಅಳತೆಗೂ 65,536 ಮೆಟ್ಟಿಲುಗಳಿರುತ್ತವೆ. ಮನುಷ್ಯನ ಕಿವಿಗೆ ಸೆಕೆಂಡಿಗೆ 20ರಿಂದ 20,000 ಕಂಪನಗಳವರೆಗಿನ ಧ್ವನಿ ಕೇಳಿಸುತ್ತದೆ. ಒಂದು ಕಂಪನವನ್ನು ಗುರುತಿಸಲು ಕನಿಷ್ಠ ಎರಡು ಅಳತೆಗಳಾದರೂ ಬೇಕು. ಆದ್ದರಿಂದಲೇ 20,000ದ ಇಮ್ಮಡಿಗಿಂತ ತುಸು ಹೆಚ್ಚಾದ ಸಂಖ್ಯೆಯನ್ನು ಆರಿಸಿಕೊಂಡಿದ್ದಾರೆ.

ನಾದವನ್ನು ಅಂಕೆಯಲ್ಲಿ ಅಳೆಯುವ ವಿಚಾರ ನಮ್ಮ ಭಾಗಕ್ಕೆ ಹೊಸದಲ್ಲ. ಸಾಂಗಲಿಯ ಕೃಷ್ಣಾಜಿ ಬಲ್ಲಾಳ ದೇವಲರು ಇಪ್ಪತ್ತೆರಡು ಶ್ರುತಿಗಳನ್ನು ಗಣಿತದ ನೆರವಿನಿಂದ ಅಳೆದು 1910ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಅವರ ಶ್ರುತಿ ವಿಚಾರಕ್ಕೆ ಅಬ್ದುಲ್ ಕರೀಂ ಖಾನರ ಕಂಠ ನೆರವಾಯಿತು. ಷಡ್ಜವು 240 ಕಂಪನಗಳದಾದರೆ ಪಂಚಮವು 360, ತಾರಷಡ್ಜವು 480 ಆಗುತ್ತದೆ. ಗಾಯಕನ ಕಿವಿ ಹಿಡಿದದ್ದನ್ನು ಅಂಕೆಯೂ ಹಿಡಿಯಬಲ್ಲದು ಎಂಬುದು ಇದರಿಂದ ತಿಳಿಯುತ್ತದೆ.

ಸಿ.ಡಿ.ಯ ಕ್ರಮದಲ್ಲಿ ಒಂದು ಗಂಟೆಯ ಸಂಗೀತಕ್ಕೆ ಸುಮಾರು 635 ಎಂ.ಬಿ. ಸ್ಥಳ ಬೇಕು. ಎಂಪಿ3 ಕ್ರಮದಲ್ಲಿ ಅದನ್ನು 58 ಎಂ.ಬಿ.ಗೆ ಇಳಿಸಬಹುದು. ಅಂದರೆ ಹನ್ನೊಂದರಲ್ಲಿ ಒಂದು ಪಾಲು. ಇದು ಹೇಗೆ ಸಾಧ್ಯ? ದೊಡ್ಡ ಸಪ್ಪಳದ ಹಿಂದೆ ಬರುವ ಸಣ್ಣ ಸಪ್ಪಳ ನಮ್ಮ ಕಿವಿಗೆ ಕೇಳಿಸುವುದಿಲ್ಲ. ಡೊಳ್ಳು ಬಾರಿಸುವಾಗ ಪಕ್ಕದವನ ಪಿಸುಮಾತು ಕೇಳಿಸುವುದೇ? ಹೀಗೆ ಕಿವಿ ಬಿಟ್ಟುಬಿಡುವ ಅಂಶಗಳನ್ನು ಎಂಪಿ3 ತಾನೇ ಬಿಟ್ಟುಬಿಡುತ್ತದೆ. ಆದರೆ ಬಹಳ ಹಿಂಡಿದರೆ ಕೇಳಬೇಕಾದುದೂ ಹೋಗುತ್ತದೆ. ತಂಬೂರಿಯ ನವಿರಾದ ಝೇಂಕಾರ, ಝಾಂಜಿನ ಮಿಂಚು ಮಸುಕಾಗುತ್ತವೆ. ಒಮ್ಮೆ ಬಿಟ್ಟುಹೋದುದನ್ನು ಮರಳಿ ತರಲು ಬರುವುದಿಲ್ಲ. ಏನನ್ನೂ ಕಳೆಯದೆ ಗಾತ್ರವನ್ನು ಸುಮಾರು ಅರ್ಧಕ್ಕೆ ಇಳಿಸುವ ಫ್ಲ್ಯಾಕ್ ಎಂಬ ಕ್ರಮವೂ 2001ರಿಂದ ಬಳಕೆಯಲ್ಲಿದೆ. ಕೇಳಲು ಎಂಪಿ3 ಸಾಕು. ಕಾಯ್ದಿಡಲು ಫ್ಲ್ಯಾಕ್ ಮೇಲು.

ಪೆಟ್ಟಿಗೆಯ ಒಳಗೆ

ಮನೆಯ ಹಾಡಿನ ಪೆಟ್ಟಿಗೆ ಚಿಕ್ಕದಿರಲಿ ದೊಡ್ಡದಿರಲಿ, ಅದರಲ್ಲಿ ಧ್ವನಿ ಸಾಗುವ ದಾರಿ ಒಂದೇ. ಆ ದಾರಿಯಲ್ಲಿ ಐದು ನಿಲ್ದಾಣಗಳಿವೆ.

ಮೊದಲನೆಯದು ಉಗ್ರಾಣ. ಪೆನ್ ಡ್ರೈವ್, ಮೆಮರಿ ಕಾರ್ಡ್ ಇಲ್ಲವೆ ಮೊಬೈಲು ಈ ಕೆಲಸ ಮಾಡುತ್ತದೆ. ಹಾಡುಗಳು ಇಲ್ಲಿ ಫೈಲುಗಳಾಗಿ ಇರುತ್ತವೆ. ಎರಡನೆಯದು ಓದುವ ಚಿಪ್ಪು. ಹಿಂಡಿಟ್ಟ ಫೈಲನ್ನು ಬಿಡಿಸಿ ಅದು ಅಂಕೆಗಳ ಸಾಲನ್ನು ಹೊರತೆಗೆಯುತ್ತದೆ. ಮೂರನೆಯ ಭಾಗವು ಆ ಅಂಕೆಗಳನ್ನು ಏರಿಳಿಯುವ ವಿದ್ಯುತ್ತಾಗಿ ಬದಲಿಸುತ್ತದೆ. ಈ ವಿದ್ಯುತ್ತು ಬಹಳ ದುರ್ಬಲವಾದುದು. ನಾಲ್ಕನೆಯದಾದ ಆಂಪ್ಲಿಫೈಯರ್ ಅದಕ್ಕೆ ಬಲ ತುಂಬುತ್ತದೆ. ಐದನೆಯದು ಸ್ಪೀಕರ್. ಅದರ ಕಾಗದದ ಶಂಕು ಹಿಂದೆ ಮುಂದೆ ಅಲುಗಾಡಿ ಗಾಳಿಯನ್ನು ತಳ್ಳುತ್ತದೆ. ಆಗ ಧ್ವನಿ ಹುಟ್ಟುತ್ತದೆ. ಇವೆಲ್ಲವುಗಳಿಗೂ ವಿದ್ಯುತ್ತು ಬೇಕೇ ಬೇಕು.

ತಂಬೂರಿಯಲ್ಲಿಯೂ ಹೀಗೆಯೇ ಒಂದು ದಾರಿ ಇದೆ. ಬೆರಳು ತಂತಿಯನ್ನು ಮಿಡಿಯುತ್ತದೆ. ತಂತಿಯ ಕಂಪನ ಕುದುರೆಗೆ ಇಳಿಯುತ್ತದೆ. ಕುದುರೆಯಿಂದ ಮೇಲುಹಲಗೆಗೆ, ಅಲ್ಲಿಂದ ಬುರುಡೆಯೊಳಗಿನ ಗಾಳಿಗೆ ಹೋಗುತ್ತದೆ. ತಂಬೂರಿ ಸರಿಯಾಗಿ ನುಡಿಯದಿದ್ದರೆ ಕುಶಲಕರ್ಮಿಯು ಇಡೀ ವಾದ್ಯವನ್ನು ಬಿಚ್ಚಿಹಾಕುವುದಿಲ್ಲ. ಒಂದು ತಂತಿಯನ್ನು ಮಿಡಿದು ಕೇಳುತ್ತಾನೆ. ಶ್ರುತಿ ಇಳಿದಿದ್ದರೆ ಬಿರಡೆಯನ್ನು ತಿರುವುತ್ತಾನೆ. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೆ ಕೆಳಗಿನ ಮಣಿಯನ್ನು ಸರಿಸುತ್ತಾನೆ. ಶ್ರುತಿ ಸರಿಯಿದ್ದೂ ಝೇಂಕಾರ ಬಾರದಿದ್ದರೆ ಕುದುರೆಯ ಮೇಲೆ ತಂತಿಯ ಕೆಳಗಿರುವ ನೂಲಿನ ಎಳೆಯನ್ನು ಹಿಂದೆ ಮುಂದೆ ಮಾಡುತ್ತಾನೆ. ಆ ಎಳೆಗೆ ಜೀವಾಳ ಎಂದು ಹೆಸರು. ಅದೂ ಫಲಿಸದಿದ್ದರೆ ಮಾತ್ರ ಕುದುರೆಯನ್ನು ಉಜ್ಜಿ ಜವಾರಿ ತೆಗೆಯುತ್ತಾನೆ. ಸುಲಭವಾದುದು ಮೊದಲು, ಕಠಿಣವಾದುದು ಕೊನೆಗೆ. ಒಂದು ಸಲಕ್ಕೆ ಒಂದೇ ಬದಲಾವಣೆ. ಈ ಎರಡು ನಿಯಮಗಳು ಹಾಡಿನ ಪೆಟ್ಟಿಗೆಗೂ ಚೆನ್ನಾಗಿ ಹೊಂದುತ್ತವೆ.

ಪೆಟ್ಟಿಗೆಯ ಜೋಡಣೆ

ಹೊಸ ಪೆಟ್ಟಿಗೆಯನ್ನು ತಂದಾಗ ಮೊದಲು ಅದರ ಸ್ಥಳವನ್ನು ನಿಶ್ಚಯಿಸಿರಿ. ಬಿಸಿಲು, ಒಲೆಯ ಹೊಗೆ, ನೀರಿನ ಸಿಡಿತ ತಾಗದ ಜಾಗ ಬೇಕು. ಎರಡು ಸ್ಪೀಕರುಗಳಿದ್ದರೆ ಅವುಗಳನ್ನು ಒಂದೇ ಎತ್ತರದಲ್ಲಿ, ಕುಳಿತವರ ಕಿವಿಯ ಮಟ್ಟಕ್ಕೆ ಇಡಿರಿ. ಎರಡು ಸ್ಪೀಕರುಗಳು ಮತ್ತು ಕೇಳುಗ, ಈ ಮೂವರ ನಡುವಿನ ಅಂತರ ಸಮನಾಗಿದ್ದರೆ ಒಳ್ಳೆಯದು. ಗೋಡೆಯ ಮೂಲೆಗೆ ಒತ್ತಿ ಇಟ್ಟರೆ ತಬಲಾದ ಎಡಗೈ ಪೆಟ್ಟು ಗುಂಯ್ ಎಂದು ಉಬ್ಬಿ, ಹಾಡಿನ ಮಾತು ಮುಚ್ಚಿಹೋಗುತ್ತದೆ. ಗೋಡೆಯಿಂದ ಒಂದು ಮೊಳ ಮುಂದೆ ತಂದು ನೋಡಿರಿ. ವ್ಯತ್ಯಾಸ ತಾನಾಗಿಯೇ ತಿಳಿಯುತ್ತದೆ.

ವೈರುಗಳನ್ನು ಜೋಡಿಸುವಾಗ ಪ್ಲಗ್ಗು ಹೊರಗೆ ಇರಲಿ. ಸ್ಪೀಕರಿನ ಕೆಂಪು ತುದಿ ಕೆಂಪು ರಂಧ್ರಕ್ಕೆ, ಕಪ್ಪು ತುದಿ ಕಪ್ಪು ರಂಧ್ರಕ್ಕೆ ಹೋಗಬೇಕು. ಒಂದು ಸ್ಪೀಕರಿಗೆ ಮಾತ್ರ ಇದು ಅದಲುಬದಲಾದರೆ ಒಂದು ಶಂಕು ಗಾಳಿಯನ್ನು ಮುಂದೆ ತಳ್ಳುವಾಗ ಇನ್ನೊಂದು ಹಿಂದೆ ಎಳೆಯುತ್ತದೆ. ಆಗ ಧ್ವನಿ ಬರುತ್ತದೆ, ಆದರೆ ತೆಳುವಾಗಿ, ಹೊಟ್ಟೆಯಿಲ್ಲದಂತೆ ಬರುತ್ತದೆ. ಎಲ್ಲವನ್ನೂ ಜೋಡಿಸಿದ ಬಳಿಕ ಧ್ವನಿಯ ಗುಂಡಿಯನ್ನು ಪೂರ್ತಿ ಇಳಿಸಿ, ಆಮೇಲೆ ಗುಂಡಿ ಒತ್ತಿ, ಮೆಲ್ಲಗೆ ಏರಿಸಿರಿ.

ಹಾಡುಗಳನ್ನು ತುಂಬುವುದಕ್ಕೂ ಒಂದು ಪದ್ಧತಿ ಇದೆ. ಭಾವಗೀತೆ, ವಚನ, ಭಜನೆ, ಶಾಸ್ತ್ರೀಯ ಸಂಗೀತ ಎಂದು ಬೇರೆ ಬೇರೆ ಫೋಲ್ಡರುಗಳನ್ನು ಮಾಡಿರಿ. ಹಾಡಿನ ಹೆಸರಿನ ಮುಂದೆ 01, 02, 03 ಎಂದು ಎರಡು ಅಂಕೆಯ ಸಂಖ್ಯೆ ಬರೆಯಿರಿ. ಬರಿಯ 1, 2 ಎಂದು ಬರೆದರೆ ಅನೇಕ ಪೆಟ್ಟಿಗೆಗಳು 1 ಆದ ಮೇಲೆ 10ನ್ನು, ಆಮೇಲೆ 2ನ್ನು ನುಡಿಸುತ್ತವೆ. ಯಂತ್ರವು ಸಂಖ್ಯೆಯನ್ನು ನಮ್ಮಂತೆ ಎಣಿಸದೆ ಅಕ್ಷರದಂತೆ ಎಡದಿಂದ ಹೋಲಿಸುವುದೇ ಇದಕ್ಕೆ ಕಾರಣ. ಕನ್ನಡದಲ್ಲಿ ಹೆಸರು ಬರೆದಾಗ ಕೆಲವು ಪೆಟ್ಟಿಗೆಗಳ ಪರದೆಯ ಮೇಲೆ ಬರಿಯ ಚೌಕಗಳು ಇಲ್ಲವೆ ಪ್ರಶ್ನಾರ್ಥಕ ಚಿಹ್ನೆಗಳು ಕಾಣುತ್ತವೆ. ಹಾಡು ಕೆಟ್ಟಿದೆ ಎಂದು ಹೆದರಬೇಕಾಗಿಲ್ಲ. ಆ ಪೆಟ್ಟಿಗೆಯಲ್ಲಿ ಕನ್ನಡ ಅಕ್ಷರಗಳನ್ನು ತುಂಬಿಲ್ಲ, ಅಷ್ಟೇ. ಅಂಥ ಪೆಟ್ಟಿಗೆಗಾಗಿ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಳ್ಳಬಹುದು. ಗಣಕಯಂತ್ರದಲ್ಲಿರುವ ಮೂಲ ಪ್ರತಿಗೆ ಮಾತ್ರ ಕನ್ನಡದ ಹೆಸರನ್ನೇ ಉಳಿಸಿರಿ.

ದೋಷ ಎಲ್ಲಿದೆ?

ಮಿರಜದಿಂದ ಬೆಳಗಾವಿಗೆ ಹೊರಟ ರೈಲು ಹೊತ್ತಾದರೂ ಬರಲಿಲ್ಲವೆನ್ನಿ. ಹಳಿಯ ಉದ್ದಕ್ಕೂ ನಡೆದು ಹುಡುಕುವುದಕ್ಕಿಂತ ನಡುವಿನ ಘಟಪ್ರಭಾ ನಿಲ್ದಾಣವನ್ನು ಕೇಳುವುದು ಜಾಣತನ. ಅಲ್ಲಿ ದಾಟಿದ್ದರೆ ರೈಲು ಘಟಪ್ರಭಾ ಮತ್ತು ಬೆಳಗಾವಿಯ ನಡುವೆ ಇದೆ. ದಾಟದಿದ್ದರೆ ಮಿರಜ ಮತ್ತು ಘಟಪ್ರಭಾದ ನಡುವೆ ಇದೆ. ಮುಂದೆ ಕುಡಚಿಯನ್ನು ಕೇಳಬಹುದು. ಪ್ರತಿ ಪ್ರಶ್ನೆಗೂ ಹುಡುಕುವ ದಾರಿ ಅರ್ಧಕ್ಕೆ ಇಳಿಯುತ್ತದೆ. ಹಾಡಿನ ಪೆಟ್ಟಿಗೆಯಲ್ಲಿಯೂ ಹೀಗೆಯೇ ಮಾಡಬೇಕು.

ಪೆಟ್ಟಿಗೆ ಪೂರ್ತಿ ಮೌನವಾಗಿದೆ ಎಂದುಕೊಳ್ಳೋಣ. ಮೊದಲು ದೀಪ ಹತ್ತಿದೆಯೆ ನೋಡಿರಿ. ಹತ್ತದಿದ್ದರೆ ದೋಷ ವಿದ್ಯುತ್ತಿನದು. ಅದೇ ಬೋರ್ಡಿಗೆ ಬೇರೊಂದು ಸಲಕರಣೆಯನ್ನು ಚುಚ್ಚಿ ನೋಡಿದರೆ ದೋಷ ಬೋರ್ಡಿನಲ್ಲಿದೆಯೆ, ಅಡಾಪ್ಟರಿನಲ್ಲಿದೆಯೆ ತಿಳಿಯುತ್ತದೆ. ದೀಪ ಹತ್ತಿ ಹಾಡಿನ ಹೆಸರು ಓಡುತ್ತಿದ್ದರೂ ಧ್ವನಿ ಇಲ್ಲವಾದರೆ ನಡುವಿನ ನಿಲ್ದಾಣವನ್ನು ಕೇಳಿರಿ. ಇಯರ್‌ಫೋನನ್ನು ಜೋಡಿಸಿ ಆಲಿಸಿರಿ. ಅದರಲ್ಲಿ ಹಾಡು ಕೇಳಿಸಿದರೆ ಮೊದಲಿನ ಮೂರು ನಿಲ್ದಾಣಗಳು ಸರಿಯಿವೆ. ದೋಷವು ಆಂಪ್ಲಿಫೈಯರ್, ವೈರು ಇಲ್ಲವೆ ಸ್ಪೀಕರಿನಲ್ಲಿದೆ. ಕೇಳಿಸದಿದ್ದರೆ ದೋಷ ಅದಕ್ಕಿಂತ ಮೊದಲೇ ಇರುವ ಸಂಭವ ಹೆಚ್ಚು. ಅನೇಕ ಪೆಟ್ಟಿಗೆಗಳಲ್ಲಿ ಇಯರ್‌ಫೋನ್ ಚುಚ್ಚಿದೊಡನೆ ಸ್ಪೀಕರ್ ತಾನಾಗಿ ಬಂದಾಗುತ್ತದೆ. ಆ ರಂಧ್ರದಲ್ಲಿ ಧೂಳು ತುಂಬಿದರೆ ಇಯರ್‌ಫೋನ್ ಇಲ್ಲದಿದ್ದರೂ ಇದೆ ಎಂದೇ ಪೆಟ್ಟಿಗೆ ತಿಳಿಯುತ್ತದೆ. ನಾಲ್ಕಾರು ಸಲ ಇಯರ್‌ಫೋನನ್ನು ಹಾಕಿ ತೆಗೆದರೆ ಕೆಲವೊಮ್ಮೆ ಇಷ್ಟರಿಂದಲೇ ದುರಸ್ತಿಯಾಗುತ್ತದೆ.

ಒಂದೇ ಬದಿಯ ಸ್ಪೀಕರ್ ಮೌನವಾದರೆ ಅದಲುಬದಲಿನ ಪರೀಕ್ಷೆ ಮಾಡಿರಿ. ಪೆಟ್ಟಿಗೆಯ ಕಡೆಯ ತುದಿಯಲ್ಲಿ ಎಡ ಬಲ ವೈರುಗಳನ್ನು ಬದಲಿಸಿರಿ. ಮೌನವು ಇನ್ನೊಂದು ಸ್ಪೀಕರಿಗೆ ಸರಿದರೆ ದೋಷ ಪೆಟ್ಟಿಗೆಯಲ್ಲಿದೆ. ಅದೇ ಸ್ಪೀಕರ್ ಮೌನವಾಗಿಯೇ ಉಳಿದರೆ ದೋಷ ಆ ವೈರಿನಲ್ಲಿ ಇಲ್ಲವೆ ಆ ಸ್ಪೀಕರಿನಲ್ಲಿದೆ. ಹಣ ಖರ್ಚಿಲ್ಲದ ಈ ಪರೀಕ್ಷೆಯು ಎಷ್ಟೋ ಸಲ ಹೊಸ ಸ್ಪೀಕರ್ ಕೊಳ್ಳುವ ಖರ್ಚನ್ನು ಉಳಿಸುತ್ತದೆ.

ಹಾಡಿನ ಹಿಂದೆ ಹುಂಯ್ ಎಂಬ ಸದ್ದು ಬರುತ್ತಿದೆಯೆ? ನಮ್ಮ ಮನೆಗಳ ವಿದ್ಯುತ್ತು ಸೆಕೆಂಡಿಗೆ 50 ಸಲ ಏರಿಳಿಯುತ್ತದೆ. ಅದರ ನೆರಳು ಹಾಡಿನ ವೈರಿನ ಮೇಲೆ ಬಿದ್ದಾಗ ಈ ಸದ್ದು ಹುಟ್ಟುತ್ತದೆ. ಕೇಳಲು ಇದು ತಂಬೂರಿಯ ನಾದದಂತಿದ್ದರೂ ತಂಬೂರಿಯಲ್ಲ. ತಂಬೂರಿಯ ಶ್ರುತಿ ಗಾಯಕನ ಷಡ್ಜಕ್ಕೆ ಹೊಂದಿರುತ್ತದೆ; ಈ ಸದ್ದು ಯಾರು ಹಾಡಿದರೂ ಒಂದೇ ಸ್ಥಾಯಿಯಲ್ಲಿರುತ್ತದೆ. ಹಾಡು ನಿಲ್ಲಿಸಿದರೂ ನಿಲ್ಲುವುದಿಲ್ಲ. ಹಾಡಿನ ವೈರನ್ನು ಅಡಾಪ್ಟರಿನಿಂದ ದೂರ ಸರಿಸಿ, ಸಡಿಲವಾದ ಪಿನ್ನುಗಳನ್ನು ಗಟ್ಟಿಯಾಗಿ ಕೂಡಿಸಿ ನೋಡಿರಿ. ಮನೆಯ ಅರ್ಥಿಂಗ್ ಕೆಟ್ಟಿದ್ದರೂ ಹೀಗಾಗುತ್ತದೆ. ಪೆಟ್ಟಿಗೆಯ ಲೋಹದ ಭಾಗ ಮುಟ್ಟಿದಾಗ ಜುಮ್ಮೆಂದರೆ ಕೂಡಲೆ ಸ್ವಿಚ್ಚು ಆರಿಸಿ ಹಿರಿಯರಿಗೆ ತಿಳಿಸಿರಿ. ಅದು ವಿದ್ಯುತ್ ಕೆಲಸ ಬಲ್ಲವರೇ ನೋಡಬೇಕಾದ ದೋಷ.

ಗುಂಡಿ ತಿರುವುವಾಗ ಮಾತ್ರ ಗರಗರ ಸದ್ದು ಬಂದರೆ ಗುಂಡಿಯೊಳಗೆ ಧೂಳು ಸೇರಿದೆ ಎಂದರ್ಥ. ಧ್ವನಿ ಏರಿಸಿದಾಗ ಮಾತ್ರ ಹರಿದಂತೆ ಕೇಳಿಸಿದರೆ ಆಂಪ್ಲಿಫೈಯರಿನ ಇಲ್ಲವೆ ಸ್ಪೀಕರಿನ ಶಕ್ತಿ ಮೀರಿದೆ. ಒಂದೇ ಹಾಡಿನಲ್ಲಿ, ಅದೇ ಜಾಗದಲ್ಲಿ ಪ್ರತಿಸಲವೂ ತಡವರಿಸಿದರೆ ಆ ಫೈಲು ಕೆಟ್ಟಿದೆ. ಬೇರೆ ಬೇರೆ ಜಾಗಗಳಲ್ಲಿ ತಡವರಿಸಿದರೆ ಪೆನ್ ಡ್ರೈವಿನ ಜೋಡಣೆ ಸಡಿಲಾಗಿದೆ; ಬ್ಲೂಟೂತಿನಲ್ಲಿ ಕೇಳುತ್ತಿದ್ದರೆ ಮೊಬೈಲು ದೂರವಾಗಿದೆ ಇಲ್ಲವೆ ನಡುವೆ ದಪ್ಪ ಗೋಡೆ ಇದೆ. ದೋಷವು ಯಾವಾಗ ಬರುತ್ತದೆ, ಯಾವಾಗ ಬರುವುದಿಲ್ಲ ಎಂಬುದನ್ನು ಗಮನಿಸುವುದೇ ಅರ್ಧ ದುರಸ್ತಿ ಎನ್ನಬಹುದು.

ಪೆಟ್ಟಿಗೆಯು ಪೆನ್ ಡ್ರೈವನ್ನು ಗುರುತಿಸುವುದೇ ಇಲ್ಲವೆ? ಆಗ ಅವಸರ ಮಾಡಬೇಡಿರಿ. ಪುಸ್ತಕಗಳನ್ನು ಕಪಾಟಿನಲ್ಲಿ ಒಂದೊಂದು ಗ್ರಂಥಾಲಯದವರು ಒಂದೊಂದು ರೀತಿಯಲ್ಲಿ ಜೋಡಿಸುವಂತೆ, ಪೆನ್ ಡ್ರೈವಿನೊಳಗಿನ ಜೋಡಣೆಯಲ್ಲಿಯೂ ಹಲವು ರೀತಿಗಳಿವೆ. ಅನೇಕ ಸಾದಾ ಪೆಟ್ಟಿಗೆಗಳಿಗೆ ಫ್ಯಾಟ್32 ಎಂಬ ಒಂದು ರೀತಿ ಮಾತ್ರ ತಿಳಿಯುತ್ತದೆ. ದೊಡ್ಡ ಪೆನ್ ಡ್ರೈವುಗಳು ಬೇರೆ ರೀತಿಯ ಜೋಡಣೆಯಲ್ಲಿ ಬರುತ್ತವೆ. ಗಣಕಯಂತ್ರದಲ್ಲಿ ಫಾರ್ಮ್ಯಾಟ್ ಮಾಡಿ ಈ ಜೋಡಣೆಯನ್ನು ಬದಲಿಸಬಹುದು. ಆದರೆ ಫಾರ್ಮ್ಯಾಟ್ ಮಾಡುವುದೆಂದರೆ ಕಪಾಟನ್ನು ಬರಿದು ಮಾಡುವುದು. ಒಳಗಿದ್ದುದೆಲ್ಲ ಅಳಿಸಿಹೋಗುತ್ತದೆ. ಆದ್ದರಿಂದ ಬೇರೆಡೆ ಪ್ರತಿ ಇದೆಯೆಂದು ಕಣ್ಣಾರೆ ನೋಡದೆ ಆ ಗುಂಡಿಯನ್ನು ಒತ್ತಬಾರದು.

ಮನೆಯ ಹಾಡು

ಪೇಟೆಯಲ್ಲಿ ದೊರೆಯುವ ಹಾಡು ಅಳಿಸಿಹೋದರೆ ಮತ್ತೊಮ್ಮೆ ತರಬಹುದು. ಆದರೆ ಮತ್ತೊಮ್ಮೆ ತರಲಾಗದ ಹಾಡುಗಳೂ ಇವೆ. ಜತ್ತ ತಾಲೂಕಿನ ಕನ್ನಡ ಹಳ್ಳಿಗಳಲ್ಲಿ, ಸೊಲ್ಲಾಪುರ, ಅಕ್ಕಲಕೋಟ ಭಾಗದ ಮನೆಗಳಲ್ಲಿ ಬೀಸುವ ಪದ, ಸೋಬಾನ ಪದ, ಡೊಳ್ಳಿನ ಪದಗಳನ್ನು ಹಾಡುವ ಹಿರಿಯರಿದ್ದಾರೆ. ಅವುಗಳಲ್ಲಿ ಅನೇಕವು ಯಾವ ಪುಸ್ತಕದಲ್ಲಿಯೂ ಅಚ್ಚಾಗಿಲ್ಲ. ಎಷ್ಟೋ ಮನೆಗಳಲ್ಲಿ ಅಜ್ಜಿಯ ಹಾಡು, ಮದುವೆಯ ಹಾಡು, ಊರ ಭಜನೆ ಹಳೆಯ ಕ್ಯಾಸೆಟ್ಟಿನಲ್ಲಿ ಮಾತ್ರ ಇರುತ್ತದೆ. ಕ್ಯಾಸೆಟ್ಟಿನ ಪಟ್ಟಿಗೆ ಮಳೆಗಾಲದ ತೇವದಿಂದ ಬೂಸು ಹಿಡಿಯುತ್ತದೆ. ವರ್ಷಗಳು ಕಳೆದಂತೆ ಅದರ ಕಾಂತದ ಗುರುತು ಮಾಸುತ್ತದೆ. ಅಂಥ ಧ್ವನಿಯನ್ನು ಬೇಗನೆ ಅಂಕೆಗೆ ಇಳಿಸಿಕೊಳ್ಳಬೇಕು.

ಇದು ಬಹಳ ಕಷ್ಟದ ಕೆಲಸವಲ್ಲ. ಸುಸ್ಥಿತಿಯಲ್ಲಿರುವ ಟೇಪ್‌ರೆಕಾರ್ಡರಿನ ಹೊರಧ್ವನಿಯ ರಂಧ್ರದಿಂದ ಗಣಕಯಂತ್ರದ ಒಳಧ್ವನಿಯ ರಂಧ್ರಕ್ಕೆ ವೈರು ಜೋಡಿಸಬೇಕು. ಮೊದಲು ಟೇಪಿನ ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ ಒಣಗಿಸಬೇಕು. ಸಡಿಲಾದ ಪಟ್ಟಿಯನ್ನು ಪೆನ್ಸಿಲಿನಿಂದ ಸುತ್ತಿ ಬಿಗಿ ಮಾಡಬೇಕು. ಧ್ವನಿಯ ಮಟ್ಟವನ್ನು ತುಸು ಕಡಿಮೆಯೇ ಇಡಬೇಕು. ಕಡಿಮೆ ಧ್ವನಿಯನ್ನು ಆಮೇಲೆ ಏರಿಸಬಹುದು. ಮಿತಿ ಮೀರಿ ಹರಿದ ಧ್ವನಿಯನ್ನು ಹೊಲಿಯಲು ಬರುವುದಿಲ್ಲ.

ಇಲ್ಲಿ ಕಿವಿಗೆ ಒಂದು ಮುಖ್ಯ ಕೆಲಸವಿದೆ. ಟೇಪಿನ ಮೋಟಾರು ನಿಧಾನವಾಗಿ ತಿರುಗಿದರೆ ಹಾಡಿನ ವೇಗವಷ್ಟೇ ಅಲ್ಲ, ಶ್ರುತಿಯೂ ಇಳಿಯುತ್ತದೆ. ಅಂಕೆಯಲ್ಲಿಯೂ ಈ ಅಪಾಯವಿದೆ. ಸೆಕೆಂಡಿಗೆ 44,100 ಸಲ ಅಳೆದುದನ್ನು 48,000ದ ವೇಗದಲ್ಲಿ ಓದಿಸಿದರೆ ಶ್ರುತಿಯು ಹಾರ್ಮೋನಿಯಮ್ಮಿನ ಸುಮಾರು ಒಂದೂವರೆ ಮನೆಯಷ್ಟು ಏರಿಬಿಡುತ್ತದೆ. ಅಜ್ಜಿಯ ಕಂಠ ಹುಡುಗಿಯ ಕಂಠದಂತಾಗುತ್ತದೆ. ಹಾಡಿದವರ ಶ್ರುತಿ ಬಲ್ಲವರು ಮನೆಯಲ್ಲಿದ್ದರೆ ಅವರನ್ನು ಕೂಡಿಸಿಕೊಂಡು ಒಮ್ಮೆ ಕೇಳಿಸಿರಿ. ಹಾರ್ಮೋನಿಯಮ್ ಇಲ್ಲದ ಮನೆಯಲ್ಲಿ ಎಲೆಕ್ಟ್ರಾನಿಕ್ ತಂಬೂರಿಯೂ ನೆರವಾಗುತ್ತದೆ. ಬೆಂಗಳೂರಿನ ಇಂಜಿನಿಯರ್ ಹಾಗೂ ಕೊಳಲುವಾದಕ ಜಿ. ರಾಜನಾರಾಯಣ ಅವರು 1979ರಲ್ಲಿ ಇಂಥ ತಂಬೂರಿಯನ್ನು ರೂಪಿಸಿದರು. ಈಗ ಅದು ಮೊಬೈಲಿನಲ್ಲಿಯೂ ದೊರೆಯುತ್ತದೆ. ಅಭ್ಯಾಸಕ್ಕೆ ಅದು ಉಪಕಾರಿ. ಆದರೂ ಮಿರಜದ ಬುರುಡೆಯ ತಂಬೂರಿಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಹಾಡುವ ಗಾಯಕರು ಇಂದಿಗೂ ಇದ್ದಾರೆ.

ಧ್ವನಿಯನ್ನು ಇಳಿಸಿಕೊಂಡ ಮೇಲೆ ಫೈಲಿನ ಜೊತೆಗೆ ನಾಲ್ಕು ಮಾತು ಬರೆದಿಡಿರಿ: ಹಾಡಿದವರು ಯಾರು, ಊರು ಯಾವುದು, ಯಾವ ವರ್ಷ, ಯಾವ ಸಂದರ್ಭ. ಹೆಸರಿಲ್ಲದ ಧ್ವನಿ ಎರಡು ತಲೆಮಾರಿನಲ್ಲಿ ಅಪರಿಚಿತವಾಗುತ್ತದೆ. ಕನಿಷ್ಠ ಮೂರು ಪ್ರತಿಗಳನ್ನು ಮಾಡಿರಿ. ಒಂದು ಗಣಕಯಂತ್ರದಲ್ಲಿ, ಒಂದು ಬೇರೆ ಸಾಧನದಲ್ಲಿ, ಮತ್ತೊಂದು ಬೇರೆ ಊರಿನ ಬಂಧುಗಳ ಮನೆಯಲ್ಲಿ ಇರಲಿ. 2005 ಹಾಗೂ 2019ರಲ್ಲಿ ಕೃಷ್ಣಾ ನದಿಗೆ ಮಹಾಪೂರ ಬಂದು ಸಾಂಗಲಿಯ ಮನೆಗಳಿಗೆ ನೀರು ನುಗ್ಗಿದ್ದನ್ನು ಹಿರಿಯರಿಂದ ನೀವು ಕೇಳಿರಬಹುದು. ಎಲ್ಲ ಪ್ರತಿಗಳೂ ಒಂದೇ ಮನೆಯಲ್ಲಿದ್ದರೆ ಒಂದೇ ಪೂರಕ್ಕೆ ಎಲ್ಲವೂ ಹೋಗುತ್ತವೆ. ಪೆನ್ ಡ್ರೈವ್ ಹಾಗೂ ಸಿ.ಡಿ.ಗಳೂ ಶಾಶ್ವತವಲ್ಲ. ಆದ್ದರಿಂದ ಕೆಲವು ವರ್ಷಗಳಿಗೊಮ್ಮೆ ಹೊಸ ಪ್ರತಿ ಮಾಡುತ್ತಿರಬೇಕು.

ಕಿವಿಯ ಬಗ್ಗೆ ಒಂದು ಎಚ್ಚರಿಕೆಯ ಮಾತು. ಪೆಟ್ಟಿಗೆ ಕೆಟ್ಟರೆ ದುರಸ್ತಿ ಮಾಡಬಹುದು. ಒಳಗಿವಿಯ ಸೂಕ್ಷ್ಮ ಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಮಕ್ಕಳು ಕೇಳುವ ಧ್ವನಿಯು ವಾರಕ್ಕೆ 40 ಗಂಟೆಗಳವರೆಗೆ 75 ಡೆಸಿಬೆಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಮೊಬೈಲಿನ ಧ್ವನಿಯನ್ನು ಅರ್ಧದಷ್ಟಕ್ಕೆ ಇಟ್ಟುಕೊಳ್ಳುವ ರೂಢಿ ಒಳ್ಳೆಯದು. ಇಯರ್‌ಫೋನ್ ಹಾಕಿಕೊಂಡಾಗಲೂ ಪಕ್ಕದವರು ಕರೆದದ್ದು ಕೇಳಿಸಬೇಕು.

ಕಟ್ಟಿಗೆಯ ತಂಬೂರಿಯಾಗಲಿ, ಅಂಕೆಯ ಪೆಟ್ಟಿಗೆಯಾಗಲಿ, ಎರಡೂ ಕೊನೆಗೆ ಸೇರುವುದು ಮನುಷ್ಯನ ಕಿವಿಗೆ. ಆಲಿಸಬಲ್ಲ ಕಿವಿ ಮತ್ತು ತಾಳ್ಮೆಯ ಕೈ ಇದ್ದವರಿಗೆ ಯಾವ ಯಂತ್ರವೂ ಒಗಟಾಗುವುದಿಲ್ಲ. ನಿಮ್ಮ ಮನೆಯ ಹಳೆಯ ಕ್ಯಾಸೆಟ್ಟುಗಳಲ್ಲಿ ಯಾರ ಧ್ವನಿ ಇದೆ ಎಂದು ಇಂದೇ ಕೇಳಿ ತಿಳಿಯಿರಿ.

ಹೊಸ ಪದಗಳು

ಘರಾಣೆ - ಸಂಗೀತದ ಗುರುಪರಂಪರೆ
ಬಿರಡೆ - ತಂತಿಯನ್ನು ಬಿಗಿ ಅಥವಾ ಸಡಿಲ ಮಾಡುವ ಕಟ್ಟಿಗೆಯ ತಿರುಪು
ಕುದುರೆ - ವಾದ್ಯದ ಮೇಲೆ ತಂತಿಗಳನ್ನು ಹೊತ್ತ ಚಪ್ಪಟೆ ಆಸರೆ
ಜವಾರಿ - ಕುದುರೆಯನ್ನು ಹದಗೊಳಿಸುವುದರಿಂದ ಬರುವ ಝೇಂಕಾರ
ಉಗ್ರಾಣ - ಸಾಮಾನು ಕೂಡಿಡುವ ಸ್ಥಳ
ಮಹಾಪೂರ - ದೊಡ್ಡ ಪ್ರವಾಹ

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಮಿರಜವು ಯಾವ ಎರಡು ಸಂಗತಿಗಳಿಗೆ ಹೆಸರಾಗಿದೆ?
2. ಸಿ.ಡಿ.ಯಲ್ಲಿ ಧ್ವನಿಯನ್ನು ಸೆಕೆಂಡಿಗೆ ಎಷ್ಟು ಸಲ ಅಳೆಯುತ್ತಾರೆ?
3. ಜೀವಾಳ ಎಂದರೇನು?

ಆ) ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿರಿ.
1. ಹಾಡಿನ ಪೆಟ್ಟಿಗೆಯಲ್ಲಿ ಧ್ವನಿ ಸಾಗುವ ಐದು ನಿಲ್ದಾಣಗಳು ಯಾವುವು?
2. ವಿದ್ಯುತ್ತಿನ ಸದ್ದಿಗೂ ತಂಬೂರಿಯ ನಾದಕ್ಕೂ ಇರುವ ವ್ಯತ್ಯಾಸವನ್ನು ಹೇಗೆ ಗುರುತಿಸಬಹುದು?
3. ಧ್ವನಿಯ ಪ್ರತಿಗಳನ್ನು ಬೇರೆ ಬೇರೆ ಊರುಗಳಲ್ಲಿ ಏಕೆ ಇಡಬೇಕು?

ಇ) ಕಾರಣ ಕೊಡಿರಿ.
1. ಫಾರ್ಮ್ಯಾಟ್ ಮಾಡುವ ಮೊದಲು ಬೇರೆಡೆ ಪ್ರತಿ ಇದೆಯೆ ಎಂದು ನೋಡಬೇಕು.
2. ಹಾಡುಗಳ ಹೆಸರಿನ ಮುಂದೆ 01, 02 ಎಂದು ಬರೆಯಬೇಕು.

ಈ) ಉಪಕ್ರಮ
ನಿಮ್ಮ ಮನೆಯ ಅಥವಾ ಓಣಿಯ ಹಿರಿಯರೊಬ್ಬರಿಂದ ಒಂದು ಪದ ಹಾಡಿಸಿ, ಅವರ ಒಪ್ಪಿಗೆ ಪಡೆದು ಧ್ವನಿಮುದ್ರಿಸಿರಿ. ಹಾಡಿದವರ ಹೆಸರು, ಊರು, ದಿನಾಂಕ, ಸಂದರ್ಭಗಳನ್ನು ಬರೆದಿಡಿರಿ. ವರ್ಗದಲ್ಲಿ ಎಲ್ಲರಿಗೂ ಕೇಳಿಸಿರಿ.